ಕೆಂಗೇರಿ ಕಾಣದ ಕೆಂಗೇರಿ ಚಿಕ್ಕಮ್ಮ

ನಮ್ಮ ಮನೆಯ ಸೊಸೆಯಂದಿರಿಗೆ ಹೆಸರಿರಲಿಲ್ಲ, ಊರಿತ್ತು. ಇದು ನಮ್ಮ ಅಜ್ಜಿ ಮಾಡಿಟ್ಟುಹೋದ ಏರ್ಪಾಡು. ಮಾರೇನಹಳ್ಳಿಯ ಸುತ್ತ ಇನ್ನೂ ರಾಗಿ ಹೊಲ ಇದ್ದ ಕಾಲದಲ್ಲಿ ಅಜ್ಜಿ ತನ್ನ ಮೂವರು ಗಂಡುಮಕ್ಕಳಿಗೆ ಹೆಣ್ಣು ತಂದಳು. ಸೊಸೆ ಸೇರು ಒದ್ದು ಒಳಗೆ ಬಂದಳೋ ಇಲ್ಲವೋ, ಅಪ್ಪ ಅಮ್ಮ ಇಟ್ಟ ಹೆಸರು ಹೊಸ್ತಿಲಾಚೆಯೇ ಉಳಿಯುತ್ತಿತ್ತು. ಅಲ್ಲಿಂದ ಮುಂದೆ ಅವಳು ತನ್ನ ತವರೂರಿನ ಹೆಸರಿಗೆ ಓಗೊಡಬೇಕು. ದೊಡ್ಡ ಸೊಸೆ ಬಿಡದಿ. ಎರಡನೆಯವಳು, ಅಂದರೆ ನನ್ನ ತಾಯಿ, ಮಾಗಡಿ. "ಬಿಡದೀ, ಹಾಲಿಗೆ ಹೆಪ್ಪು ಹಾಕ್ದೇನೇ?" "ಮಾಗಡೀ, ಮಗು ಅಳ್ತಾ ಐತೆ, ಕಿವಿ ಕೇಳಲ್ವಾ?" ಹಾಗೆ ಅಳುತ್ತಿದ್ದ ಮಗು ನಾನು.

ತೊಂದರೆ ಬಂದದ್ದು ಮೂರನೆಯವಳಿಂದ. ಅವಳೂ ಬಿಡದಿಯವಳೇ ಆಗಿಬಿಟ್ಟಳು. ಒಂದೇ ಮನೆಯಲ್ಲಿ ಎರಡು ಬಿಡದಿ ಇಟ್ಟುಕೊಂಡು ಸಂಸಾರ ನಡೆಸುವುದು ಹೇಗೆ? ಊಟಕ್ಕೆ ಕರೆದರೆ ಇಬ್ಬರೂ ಬರುತ್ತಾರೆ, ಕೆಲಸಕ್ಕೆ ಕರೆದರೆ ಒಬ್ಬರೂ ಬರುವುದಿಲ್ಲ. ಅಜ್ಜಿ ಎರಡು ದಿನ ನೋಡಿದಳು, ಮೂರನೆಯ ದಿನ ತೀರ್ಪು ಕೊಟ್ಟಳು. "ನೀನು ಬಿಡದಿಯಿಂದ ಬರೋವಾಗ ದಾರೀಲಿ ಕೆಂಗೇರಿ ಸಿಕ್ತಲ್ಲ, ಹಂಗಾದ್ರೆ ನೀನು ಕೆಂಗೇರಿ." ಮುಗಿಯಿತು. ಅದರ ಮೇಲೆ ಅಪೀಲು ಇರಲಿಲ್ಲ.

ನನಗೆ ಆಕೆ ಕೆಂಗೇರಿ ಚಿಕ್ಕಮ್ಮ. ಊರಿಗೆಲ್ಲ ಕೆಂಗೇರಿ ಚಿಕ್ಕಮ್ಮ. ಹಾಲಿನವನು, ಹೂವಿನವಳು, ಎದುರುಮನೆಯ ತಮಿಳು ಆಂಟಿ, ಎಲ್ಲರಿಗೂ. ನಮ್ಮ ಚಿಕ್ಕಪ್ಪನಿಗೂ ಹೆಂಡತಿ "ಕೆಂಗೇರಿ"ಯೇ. ಪ್ರೀತಿ ಉಕ್ಕಿದಾಗ "ಏ ಕೆಂಗೇರಿ". ಮೈಸೂರು ರಸ್ತೆಯಲ್ಲಿ ಬಸ್ಸು ಕೆಂಗೇರಿಗೆ ಬಂದಾಗಲೆಲ್ಲ ಚಿಕ್ಕಪ್ಪ, "ನಿಮ್ಮೂರು ಬಂತು ನೋಡೇ, ಇಳ್ಕೋತೀಯಾ?" ಎಂದು ರೇಗಿಸುತ್ತಿದ್ದ. ಚಿಕ್ಕಮ್ಮ ಕಿಟಕಿಯಿಂದ ಮುಖ ಈಚೆಗೆ ತಿರುಗಿಸಿಕೊಂಡು ಕೂರುತ್ತಿದ್ದಳು. ಆ ಊರಿನ ಮಣ್ಣಿನ ಮೇಲೆ ಆಕೆ ಇವತ್ತಿನವರೆಗೂ ಕಾಲಿಟ್ಟಿಲ್ಲ. ಅದು ಛಲ. ನನ್ನದಲ್ಲದ ಊರನ್ನು ನನ್ನ ಮೇಲೆ ಹೇರಿದರಲ್ಲ ಎಂಬ ಹಟ.

ಆದರೆ ಆಕೆಯ ಕೈಯಲ್ಲಿ ಕೋಡುಬಳೆ ಇತ್ತು. ಹದವಾಗಿ ಹುರಿದ ರವೆ, ಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ, ಇಂಗು, ಅದೆಲ್ಲ ಎಲ್ಲರೂ ಹಾಕುತ್ತಾರೆ. ನಾನೂ ಹಾಕಿದ್ದೇನೆ. ನನ್ನ ಕೋಡುಬಳೆ ಕಚ್ಚಿದರೆ ಹಲ್ಲು ಅಲ್ಲಾಡುತ್ತದೆ, ಚಿಕ್ಕಮ್ಮನದು ನಾಲಿಗೆಯ ಮೇಲೆ ಪುಡಿಯಾಗುತ್ತದೆ. ಮದುವೆಮನೆ, ಸೀಮಂತ, ಗೌರಿ ಹಬ್ಬ ಎಂದರೆ ನಮ್ಮ ಕಡೆಯವರೆಲ್ಲ "ಕೆಂಗೇರಿ ಚಿಕ್ಕಮ್ಮಂಗೆ ಹೇಳ್ಬಿಡಿ" ಅನ್ನುತ್ತಿದ್ದರು. ಹಾಗೆ ಅನ್ನುತ್ತಾ ಅನ್ನುತ್ತಾ ಮನೆಯ ಒಲೆ ಸಾಲದಾಯಿತು, ಚಂದ್ರಾ ಲೇಔಟಿನಲ್ಲಿ ಒಂದು ಪುಟ್ಟ ಅಂಗಡಿಯಾಯಿತು. ಬೋರ್ಡಿಗೆ ಏನು ಬರೆಸಬೇಕು ಎಂದು ಯಾರೂ ಯೋಚಿಸಲೇ ಇಲ್ಲ. ಹಳದಿ ಬಣ್ಣದ ಮೇಲೆ ಕೆಂಪಕ್ಷರದಲ್ಲಿ, "ಕೆಂಗೇರಿ ಚಿಕ್ಕಮ್ಮನ ಕೋಡುಬಳೆ". ಬೋರ್ಡು ಏರಿದ ದಿನ ಚಿಕ್ಕಮ್ಮ ರಸ್ತೆಯ ಆಚೆ ಬದಿಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು, ತುಂಬಾ ಹೊತ್ತು ನೋಡಿದಳು. "ಹಾಳಾದ ಹೆಸರು, ಇಷ್ಟು ದೊಡ್ಡದಾಗಿ ಬರೆದ್ರೆ ಚೆನ್ನಾಗೇ ಕಾಣುತ್ತೆ ಅಲ್ವೇನೇ?" ಎಂದಳು. ನನಗೆ ನಗು ತಡೆಯಲಾಗಲಿಲ್ಲ.

ಹೀಗೆ ಸುಖವಾಗಿದ್ದಾಗ ರಿಜಿಸ್ಟರ್ ಪೋಸ್ಟಿನಲ್ಲಿ ಒಂದು ನೋಟಿಸ್ ಬಂತು. ಇಂಗ್ಲಿಷಿನಲ್ಲಿತ್ತು. ನಾನು ಬಸವೇಶ್ವರನಗರದ ಒಂದು ಶಾಲೆಯಲ್ಲಿ ಕನ್ನಡ ಮೇಷ್ಟರಮ್ಮ. ಆದರೂ ನಮ್ಮ ಮನೆಯವರಿಗೆ "ಓದಿದವಳು" ಎಂದರೆ ಎಲ್ಲ ಭಾಷೆಯನ್ನೂ ಓದಿದವಳು, ಹಾಗಾಗಿ ಕಾಗದ ನನ್ನ ಕೈಗೇ ಬಂತು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಯಾವುದೋ ಕುರುಕಲು ತಿಂಡಿಯ ಕಂಪನಿ. "ಕೆಂಗೇರಿ" ಎಂಬ ಪದ ತಮ್ಮ ನೋಂದಾಯಿತ ಟ್ರೇಡ್‌ಮಾರ್ಕ್ ಅಂತೆ. ಚಿಪ್ಸು, ಮಿಕ್ಸ್ಚರು, ಕೋಡುಬಳೆ, ಚಕ್ಕುಲಿಗಳ ಮೇಲೆ ಆ ಪದ ಬಳಸುವ ಹಕ್ಕು ತಮ್ಮೊಬ್ಬರದೇ ಅಂತೆ. ನಾವು ಕೂಡಲೇ ಬೋರ್ಡು ಇಳಿಸಬೇಕಂತೆ, ಪ್ಯಾಕೆಟ್ಟುಗಳನ್ನೆಲ್ಲ ನಾಶ ಮಾಡಬೇಕಂತೆ.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಒಂದು ಊರನ್ನು ನೋಂದಾಯಿಸಿಕೊಳ್ಳುವುದು ಅಂದರೇನ್ರೀ? ಅಲ್ಲಿ ಬಸ್ ನಿಲ್ದಾಣವಿದೆ, ಕೆರೆಯಿದೆ, ಲಕ್ಷಗಟ್ಟಲೆ ಜನ ಇದ್ದಾರೆ. ನಾಳೆ ಬಿಎಂಟಿಸಿ ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡು "ಕೆಂಗೇರಿ ಕೆಂಗೇರಿ ಕೆಂಗೇರೀ" ಎಂದು ಕೂಗಿದರೆ ಅವನಿಗೂ ನೋಟಿಸ್ ಕೊಡುತ್ತಾರಾ? ನಾನು ಹೀಗೆ ಕೂಗಾಡುತ್ತಿದ್ದರೆ ಚಿಕ್ಕಮ್ಮ ಬಾಣಲೆಯ ಮುಂದೆ ಜಾಲರಿ ಹಿಡಿದು ನಿಂತೇ ಇದ್ದಳು. ಎಣ್ಣೆಯಲ್ಲಿ ಒಂದು ಸುತ್ತು ಕೋಡುಬಳೆ ಕಪ್ಪಾಗಿ ಹೋಯಿತು. ಆಕೆಯ ಕೈಯಲ್ಲಿ ಹಾಗೆ ಆದದ್ದು ನಾನು ನೋಡಿದ್ದು ಅದೇ ಮೊದಲು.

"ಬೇಡ ಬೇಡ ಅಂದ್ರೂ ನನ್ ತಲೆಗೆ ಕಟ್ಟಿದ್ರು," ಎಂದಳು ಕೊನೆಗೆ. "ಇಷ್ಟು ವರ್ಷ ಹೊತ್ಕೊಂಡು ತಿರುಗಿದೀನಿ. ಈಗ ಅಭ್ಯಾಸ ಆಗಿ, ನಂದು ಅನ್ನಿಸಿದ್ಮೇಲೆ ಕಿತ್ಕೊಳಕ್ಕೆ ಬಂದವ್ರಲ್ಲ, ಇವ್ರ ಮನೆ ಹಾಳಾಗ. ಅದೊಂದು ಹೋದ್ರೆ ನಾನು ಯಾರೇ?"

ಬೋರ್ಡು ಇಳಿಸಬಾರದು. ಅಷ್ಟೇ ಆಕೆಗೆ ಬೇಕಾಗಿದ್ದದ್ದು.

ರಾಜಾಜಿನಗರದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ವಕೀಲೆ. ಹತ್ತನೇ ಕ್ಲಾಸಿನಲ್ಲಿ ಸಂಧಿ ಸಮಾಸ ಎಂದರೆ ಅಳುತ್ತಿದ್ದವಳು ಈಗ ಕಪ್ಪು ಕೋಟು ಹಾಕಿಕೊಂಡು ನನ್ನನ್ನೇ ಪ್ರಶ್ನೆ ಕೇಳತೊಡಗಿದಳು.

"ಈಸಿ ಕೇಸ್ ಮಿಸ್ ಇದು," ಎಂದಳು. "ಊರಿನ ಹೆಸರನ್ನ ಆ ಊರಿನವ್ರು ಬಳಸೋದಕ್ಕೆ ಯಾರೂ ಅಡ್ಡಿ ಮಾಡಕ್ಕಾಗಲ್ಲ. ನಿಮ್ ಚಿಕ್ಕಮ್ಮ ಕೆಂಗೇರೀಲಿ ಹುಟ್ಟಿದ್ದು ತಾನೇ?"

"ಇಲ್ಲ," ಎಂದೆ.

"ಬೆಳೆದಿದ್ದು?"

"ಇಲ್ಲ."

"ಕೋಡುಬಳೆನಾದ್ರೂ ಅಲ್ಲಿ ಮಾಡ್ತಾರಾ?"

"ಚಂದ್ರಾ ಲೇಔಟಲ್ಲಿ."

ಅವಳು ಪೆನ್ನು ಕೆಳಗಿಟ್ಟಳು. "ಒಂದ್ಸಲನಾದ್ರೂ ಕೆಂಗೇರಿಗೆ ಹೋಗಿದಾರಾ ಮಿಸ್?"

"ಬಸ್ಸಲ್ಲಿ ಹಾದು ಹೋಗಿದಾಳೆ," ಎಂದೆ. "ಅದೂ ಮುಖ ತಿರುಗಿಸ್ಕೊಂಡು."

ವಕೀಲೆ ತಲೆಯ ಮೇಲೆ ಕೈ ಹೊತ್ತು ಕುಳಿತಳು. ಇದು ಗೊತ್ತಾದರೆ ಕಂಪನಿಯವರು ಉಲ್ಟಾ ನಮ್ಮ ಮೇಲೆಯೇ ಬೀಳುತ್ತಾರೆ, ಕೆಂಗೇರಿಯ ಹೆಸರು ಹೇಳಿ ಜನರಿಗೆ ಮೋಸ ಮಾಡುತ್ತಿದ್ದೀರಿ ಅನ್ನುತ್ತಾರೆ ಎಂದಳು. ಆಮೇಲೆ ಅಜ್ಜಿಯ ಕಥೆಯನ್ನೆಲ್ಲ ಕೇಳಿದಳು. ಕೇಳಿ ಸ್ವಲ್ಪ ಹೊತ್ತು ನಕ್ಕಳು. ನಗು ನಿಂತ ಮೇಲೆ ಅವಳಿಗೆ ಇನ್ನೊಂದು ದಾರಿ ಹೊಳೆಯಿತು. ಯಾರೇ ಆಗಲಿ ತಮ್ಮ ಸ್ವಂತ ಹೆಸರಿನಲ್ಲಿ ಪ್ರಾಮಾಣಿಕವಾಗಿ ವ್ಯಾಪಾರ ಮಾಡಿದರೆ ಅದನ್ನು ತಡೆಯುವಂತಿಲ್ಲ. ಇಲ್ಲಿ ಕೆಂಗೇರಿ ಅನ್ನುವುದು ಊರಲ್ಲ, ಆಕೆಯ ಹೆಸರು ಎಂದು ಹೇಳೋಣ.

"ಆದ್ರೆ ಆಧಾರಲ್ಲಿ ಬೇರೆ ಹೆಸ್ರಿದೆ," ಎಂದು ನಾನು ಕೊಟ್ಟಿದ್ದ ಕಾರ್ಡು ತೋರಿಸಿದಳು. "ಅವ್ರು ಇದನ್ನೇ ಹಿಡ್ಕೋತಾರೆ. ಯಾವುದಕ್ಕೂ ಇವ್ರ ಯಜಮಾನ್ರ ಹತ್ರ ಒಂದು ಮಾತು ಕೇಳ್ಬಿಡ್ತೀನಿ." ಚಿಕ್ಕಪ್ಪನಿಗೆ ಫೋನ್ ಹಚ್ಚಿದಳು. "ಅಂಕಲ್, ನಿಮ್ಮ ಮಿಸೆಸ್ ಪೂರ್ತಿ ಹೆಸರೇನು?"

ಆ ಕಡೆಯಿಂದ ಚಿಕ್ಕಪ್ಪ, "ಯಾರು, ಕೆಂಗೇರಿನಾ?" ಎಂದ.

"ಹೌದು ಅಂಕಲ್, ಅವ್ರದೇ. ಪೂರ್ತಿ ಹೆಸರು."

"ಅದೇ ಪೂರ್ತಿ ಕಣಮ್ಮ. ಮೊದ್ಲಿಂದಾನೂ ಅದೇ."

ವಕೀಲೆ ನನ್ನ ಕಡೆ ನೋಡಿ ಹೆಬ್ಬೆರಳೆತ್ತಿದಳು. ನನಗೆ ಮಾತ್ರ ನಗಬೇಕೋ ಚಿಕ್ಕಪ್ಪನಿಗೆ ಬಯ್ಯಬೇಕೋ ತಿಳಿಯಲಿಲ್ಲ.

ಮನೆಯಲ್ಲಿ ಮಾತ್ರ ಎಲ್ಲರೂ ಒಂದೊಂದು ಸಲಹೆ ಕೊಡತೊಡಗಿದರು. ಕೋರ್ಟು ಕಚೇರಿ ಯಾಕೆ, ಹೆಸರು ಬದಲಾಯಿಸಿಬಿಡಿ ಎಂದರು. ನನಗೂ ಒಂದು ಗಳಿಗೆ ಹಾಗನ್ನಿಸಿತು. ಆಕೆ ಹೇಗಿದ್ದರೂ ಬಿಡದಿಯವಳು. "ಬಿಡದಿ ಚಿಕ್ಕಮ್ಮನ ಕೋಡುಬಳೆ" ಎಂದು ಬರೆಸಿದರೆ ಅದು ಅಪ್ಪಟ ಸತ್ಯ, ಯಾವ ಕಂಪನಿಯೂ ಬಾಯಿ ತೆಗೆಯುವಂತಿಲ್ಲ. ಈ ಮಾತು ಬಾಯಿಂದ ಬಾಯಿಗೆ ಹೋಗಿ ರಾಜರಾಜೇಶ್ವರಿನಗರದಲ್ಲಿ ಮಗನ ಅಪಾರ್ಟ್‌ಮೆಂಟಿನಲ್ಲಿರುವ ಬಿಡದಿ ದೊಡ್ಡಮ್ಮನ ಕಿವಿಗೆ ಬಿತ್ತು. ಮರುದಿನವೇ ನನಗೆ ಫೋನು.

"ಏನೇ, ನನ್ ಹೆಸ್ರು ಬೋರ್ಡಿಗೆ ಹಾಕ್ತೀರಂತೆ?"

"ನಿನ್ ಹೆಸ್ರಲ್ಲ ದೊಡ್ಡಮ್ಮ, ಊರಿನ ಹೆಸ್ರು. ಚಿಕ್ಕಮ್ಮನೂ ಅಲ್ಲಿಯವಳೇ ಅಲ್ವಾ?"

"ಅಲ್ಲಿಯವಳಾದ್ರೇನು? ಈ ಮನೆಗೆ ಮೊದ್ಲು ಬಂದೋಳು ನಾನು. ಅತ್ತೆ ನಂಗೆ ಕೊಟ್ಟ ಹೆಸ್ರು ಅದು. ನಾನಿರೋ ತನಕ ಈ ಮನೇಲಿ ಬಿಡದಿ ಅಂದ್ರೆ ನಾನೊಬ್ಬಳೇ. ಅವಳಿಗೆ ಹೇಳು, ಕೆಂಗೇರಿ ಕೆಂಗೇರಿಯಾಗೇ ಇರ್ಲಿ ಅಂತ!"

ಫೋನ್ ಕುಕ್ಕಿದಳು. ಕಂಪನಿಯ ವಕೀಲರು ಎರಡು ಹಾಳೆಯಲ್ಲಿ ಹೇಳಿದ್ದನ್ನು ದೊಡ್ಡಮ್ಮ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ್ದಳು. ಅಲ್ಲಿಗೆ ಚಿಕ್ಕಮ್ಮನಿಗೆ ಹುಟ್ಟಿದೂರೂ ಇಲ್ಲ, ಹೇರಿದೂರೂ ಇಲ್ಲ ಎಂದಾಯಿತು. ನಾನು ಈ ವಿಷಯ ಹೇಳಿದಾಗ ಚಿಕ್ಕಮ್ಮ ಸಿಟ್ಟಾಗಲಿಲ್ಲ. "ಅಕ್ಕ ಹೇಳಿದ್ದು ಸರಿಯಾಗೇ ಇದೆ ಬಿಡು," ಎಂದು ಹಿಟ್ಟು ನಾದತೊಡಗಿದಳು.

ಕೇಸು ಹಾಕುವ ಮುಂಚೆ ಎರಡೂ ಕಡೆಯವರನ್ನು ರಾಜಿಗೆ ಕೂರಿಸುವ ಒಂದು ಕಚೇರಿ ಇದೆಯಂತೆ. ಕೆಂಗೇರಿ ಆಕೆಯ ಹೆಸರೇ ಎಂದು ವಕೀಲೆ ಬರೆದ ಉತ್ತರವನ್ನು ಕಂಪನಿಯವರು ಒಪ್ಪದೆ ಹೋದಾಗ ನಮ್ಮನ್ನು ಅಲ್ಲಿಗೆ ಬರಹೇಳಿದರು. ಚಿಕ್ಕಮ್ಮ ಮದುವೆಗೆ ಹೋಗುವವಳ ಹಾಗೆ ಮೈಸೂರು ಸಿಲ್ಕ್ ಸೀರೆ ಉಟ್ಟು, ಡಬ್ಬಿ ತುಂಬ ಕೋಡುಬಳೆ ತುಂಬಿಕೊಂಡು ಹೊರಟಳು. "ಲಂಚ ಅಂದ್ಕೋತಾರೆ ಚಿಕ್ಕಮ್ಮ, ಬೇಡ," ಎಂದರೆ, "ತಿಂದ್ ನೋಡ್ದೆ ನ್ಯಾಯ ಹೆಂಗೆ ಹೇಳ್ತಾರೆ?" ಎಂದಳು.

ಅಲ್ಲಿ ಉದ್ದನೆಯ ವರಾಂಡ, ಗೋಡೆಗೆ ತಾಗಿಸಿದ ಬೆಂಚುಗಳು. ಚಿಕ್ಕಮ್ಮನನ್ನು ಒಂದು ಬೆಂಚಿನ ಮೇಲೆ ಕೂರಿಸಿ, "ಇಲ್ಲೇ ಇರು, ಎಲ್ಲೂ ಹೋಗ್ಬೇಡ, ಹೆಸ್ರು ಕೂಗ್ತಾರೆ," ಎಂದು ಹೇಳಿ ನಾನೂ ವಕೀಲೆಯೂ ಕೆಳಗೆ ಜೆರಾಕ್ಸ್ ಮಾಡಿಸಲು ಹೋದೆವು. ಜೆರಾಕ್ಸ್ ಯಂತ್ರ ಕಾಗದ ನುಂಗಿಕೊಂಡು ಕೂತಿತು. ನಾವು ಮೇಲೆ ಬರುವಷ್ಟರಲ್ಲಿ ಅಟೆಂಡರ್ ಬಾಗಿಲಲ್ಲಿ ನಿಂತು ಒಂದು ಹೆಸರನ್ನು ಕೂಗುತ್ತಿದ್ದ. ಗಟ್ಟಿ ಗಂಟಲು, ವರಾಂಡದ ಈ ತುದಿಯವರೆಗೂ ಕೇಳುತ್ತಿತ್ತು. ಅದು ಚಿಕ್ಕಮ್ಮನ ಆಧಾರ್ ಕಾರ್ಡಿನಲ್ಲಿದ್ದ ಹೆಸರು.

ಚಿಕ್ಕಮ್ಮ ಅವನಿಂದ ಮೂರು ಹೆಜ್ಜೆ ದೂರದಲ್ಲಿ ಕುಳಿತಿದ್ದಳು. ಹೆಸರು ಕೂಗಿದಾಗಲೆಲ್ಲ ಆಕೆಯೂ ಎಲ್ಲರ ಹಾಗೆ ಅತ್ತಿತ್ತ ನೋಡುತ್ತಿದ್ದಳು. ಕೊನೆಗೆ ಅಟೆಂಡರನಿಗೇ, "ಯಾರೋ ಪಾಪ, ಆಯಮ್ಮ ಬಂದಿಲ್ಲ ಅನ್ಸುತ್ತೆ ಕಣಪ್ಪ. ವಯಸ್ಸಾದೋರೇನೋ, ಬಸ್ಸು ಸಿಕ್ಲಿಲ್ವೇನೋ. ಸ್ವಲ್ಪ ಕಾಯಿ," ಎಂದು ಬುದ್ಧಿ ಹೇಳಿದಳು.

ಎದುರುಪಕ್ಷದ ವಕೀಲರು ಗಡಿಯಾರ ನೋಡಿ ನಕ್ಕರು. ಮಧ್ಯಸ್ಥಿಕೆಗೆ ಕೂತಿದ್ದ ಹಿರಿಯರು, ಇಷ್ಟು ಹೊತ್ತು ಯಾಕೆ ಎಂದು ತಾವೇ ಎದ್ದು ಬಾಗಿಲಿಗೆ ಬಂದಿದ್ದರು. ಅಟೆಂಡರ್ "ಗೈರುಹಾಜರಿ ಸಾರ್" ಎನ್ನುವುದಕ್ಕೂ ನಾನು ವರಾಂಡದ ಈ ತುದಿಯಿಂದ ಶಾಲೆಯ ಮೈದಾನದಲ್ಲಿ ಕಿರುಚುವ ಹಾಗೆ ಕಿರುಚುವುದಕ್ಕೂ ಸರಿಹೋಯಿತು.

"ಕೆಂಗೇರಿ ಚಿಕ್ಕಮ್ಮಾ!"

"ಓ! ಬಂದೇ!" ಎಂದು ಚಿಕ್ಕಮ್ಮ ದಡಬಡ ಎದ್ದಳು. ತೊಡೆಯ ಮೇಲಿದ್ದ ಡಬ್ಬಿ ಜಾರಿ, ಮುಚ್ಚಳ ಕಳಚಿ, ಕೋಡುಬಳೆಗಳು ಎದುರುಪಕ್ಷದ ವಕೀಲರ ಬೂಟಿನವರೆಗೂ ಉರುಳಿಕೊಂಡು ಹೋದವು.

ಹಿರಿಯರು ಚಿಕ್ಕಮ್ಮನನ್ನು ನೋಡಿದರು, ಅಟೆಂಡರನ ಕೈಯಲ್ಲಿದ್ದ ಹಾಳೆ ನೋಡಿದರು, ಆಮೇಲೆ ಎದುರುಪಕ್ಷದ ವಕೀಲರ ಕಡೆ ತಿರುಗಿ, "ಏನ್ ಸ್ವಾಮಿ, ಕೆಂಗೇರಿ ಅನ್ನೋದು ಇವ್ರ ಹೆಸರಲ್ಲ ಅಂತ ಇನ್ನೂ ವಾದ ಮಾಡ್ತೀರಾ?" ಎಂದರು. ಕಂಪನಿಯ ಕಡೆಯಿಂದ ಬಂದಿದ್ದ ಟೈ ಕಟ್ಟಿದ ಹುಡುಗ ನಗು ತಡೆಯಲಾರದೆ ಬಗ್ಗಿ ಕೋಡುಬಳೆ ಆರಿಸತೊಡಗಿದ. "ನಮ್ಮಜ್ಜೀನ ಎಲ್ರೂ ಕುಣಿಗಲ್ ಅಂತಾನೇ ಕರೆಯೋದು ಸಾರ್," ಎಂದು ಬಾಯಿಬಿಟ್ಟ. ಅವನ ವಕೀಲರು ಅವನನ್ನು ಕಣ್ಣಲ್ಲೇ ಸುಟ್ಟರು.

ಒಳಗೆ ಕೂತು ಮಾತಾಡಿದ್ದು ಹೆಚ್ಚು ಹೊತ್ತಲ್ಲ. ಬೋರ್ಡು ಇರಬಹುದು, ಪ್ಯಾಕೆಟ್ಟೂ ಇರಬಹುದು, "ಕೆಂಗೇರಿ" ಎಷ್ಟು ದೊಡ್ಡದಾಗಿದೆಯೋ "ಚಿಕ್ಕಮ್ಮ" ಕೂಡ ಅಷ್ಟೇ ದೊಡ್ಡದಾಗಿರಬೇಕು, ಒಂದನ್ನು ಬಿಟ್ಟು ಒಂದನ್ನು ಬರೆಯಬಾರದು ಎಂದಾಯಿತು. ಚಿಕ್ಕಮ್ಮ ಸಹಿ ಹಾಕಿದಳು. ನನ್ನ ವಿದ್ಯಾರ್ಥಿನಿ ಹೊರಗೆ ಬಂದು, "ಮಿಸ್, ಹತ್ತು ಜನ ಸಾಕ್ಷಿ ತಂದಿದ್ರೂ ಇಷ್ಟು ಚೆನ್ನಾಗಿ ಆಗ್ತಿರ್ಲಿಲ್ಲ!" ಎಂದು ಕುಣಿದಾಡಿದಳು. ನಾನೂ ಕುಣಿಯುವುದೊಂದು ಬಾಕಿ. ಸಿಕ್ಕಸಿಕ್ಕವರಿಗೆಲ್ಲ ಫೋನ್ ಮಾಡಿ ಆ ಪ್ರಸಂಗವನ್ನು ಹೇಳಿದೆ, ಹೇಳಿದಾಗಲೆಲ್ಲ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಮೆಟ್ರೋದಲ್ಲಿ ಸೀಟು ಸಿಕ್ಕಿತು. ನಾವು ಇಳಿಯಬೇಕಾದ ವಿಜಯನಗರ ಇನ್ನೂ ದೂರವಿತ್ತು. ಚಿಕ್ಕಮ್ಮ ಖಾಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದಳು. ನಾನು ಇನ್ನೂ ನಗುತ್ತಲೇ ಇದ್ದೆ.

"ಗೆದ್ವಲ್ಲ ಚಿಕ್ಕಮ್ಮ, ಮುಖ ಯಾಕೆ ಹಿಂಗಿದೆ?"

"ಗೆದ್ದಿದ್ದೇನೋ ನಿಜ," ಎಂದಳು. ಡಬ್ಬಿಯನ್ನು ಅತ್ತಿತ್ತ ತಿರುವುತ್ತಾ, "ಆ ಅಟೆಂಡರ್ ಹುಡುಗ ಅಷ್ಟು ಜೋರಾಗಿ ಕೂಗ್ದ. ನಮ್ಮಪ್ಪ ಇಟ್ಟ ಹೆಸ್ರು ಕಣೇ ಅದು. ನಂಗೆ ಒಂಚೂರೂ ನಂದು ಅನ್ನಿಸ್ಲಿಲ್ಲ. ಯಾರೋ ಪಾಪ ಅಂದ್ಕೊಂಡೆ. ನನ್ ಹೆಸ್ರು ನಾನೇ ಮರ್ತಿದ್ದಕ್ಕೆ ಗೆದ್ದಿದ್ದು, ಅಲ್ವೇನೇ?"

ನನ್ನ ನಗು ಅಲ್ಲಿಗೇ ನಿಂತಿತು. ನಾಚಿಕೆಯಾಯಿತು, ದುಃಖವೂ ಆಯಿತು. ಆಕೆಯನ್ನು ಸಮಾಧಾನ ಮಾಡೋಣವೆಂದು ಆ ಹೆಸರು ಹಿಡಿದು ಕರೆಯಲು ಹೋದೆ, ಬಾಯಿ ಬರಲಿಲ್ಲ. ಎತ್ತಿ ಆಡಿಸಿದ ಚಿಕ್ಕಮ್ಮನನ್ನು ಹೆಸರು ಹಿಡಿದು ಕರೆಯುವುದು ಹೇಗೆ? ಇಷ್ಟಕ್ಕೂ ನಾನು ಕರೆದರೆ ಅದು ಅಟೆಂಡರ್ ಕೂಗಿದ ಹಾಗೆಯೇ ಕೇಳಿಸುತ್ತಿತ್ತು.

ಅಷ್ಟರಲ್ಲಿ ಆಕೆಯ ಫೋನು ಬಡಿದುಕೊಂಡಿತು. ಬಿಡದಿ ದೊಡ್ಡಮ್ಮ. ಚಿಕ್ಕಮ್ಮನಿಗೆ ಫೋನನ್ನು ಸ್ಪೀಕರಿಗೆ ಹಾಕದೆ ಕೇಳಿಸುವುದಿಲ್ಲ. ಹಾಕಿದಳು.

"ಏನಾಯ್ತೇ ಕೆಂಗೇರಿ? ಬೋರ್ಡು ಉಳೀತಾ?"

"ಉಳೀತು ಅಕ್ಕ." ಚಿಕ್ಕಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅಕ್ಕ, ನನ್ ಹೆಸ್ರು ನಿಂಗೆ ಜ್ಞಾಪಕ ಇದ್ಯಾ?"

"ಏನ್ ಹಂಗಂದ್ರೆ? ಕೆಂಗೇರಿ."

"ಅದಲ್ಲ ಅಕ್ಕ. ಊರಲ್ಲಿದ್ದಾಗಿಂದು."

ದೊಡ್ಡಮ್ಮ, "ಅಲ್ವೇ, ನಮ್ಮನೆ ಹಿತ್ಲಲ್ಲಿ ನೀನು ಹುಣಿಸೆಕಾಯಿ ಕದಿಯಕ್ಕೆ ಬರ್ತಿದ್ದಾಗ ನಿಮ್ಮಮ್ಮ ಬೀದಿ ತುದೀಲಿ ನಿಂತು ಹೆಂಗೆ ಕೂಗೋಳು, ನಂಗೆ ಗೊತ್ತಿಲ್ವಾ?" ಎಂದಳು. ಎಂದವಳೇ ಕೂಗಿಯೂ ಬಿಟ್ಟಳು. ಅಟೆಂಡರ್ ಕೂಗಿದ್ದ ಆ ಉದ್ದ ಹೆಸರಲ್ಲ, ಅದನ್ನೇ ಅರ್ಧಕ್ಕೆ ಮುರಿದು, ಕೊನೆಯಲ್ಲಿ ಎಳೆದು, ಹೊತ್ತು ಮುಳುಗುವಾಗ ಮಕ್ಕಳನ್ನು ಮನೆಗೆ ಕರೆಯುತ್ತಾರಲ್ಲ, ಹಾಗೆ. ಬೋಗಿಯಲ್ಲಿದ್ದವರೆಲ್ಲ ಮೊಬೈಲಿನಿಂದ ತಲೆಯೆತ್ತಿ ನಮ್ಮ ಕಡೆ ನೋಡಿದರು.

"ಓ," ಎಂದಳು ಚಿಕ್ಕಮ್ಮ. ತೀರಾ ಸಣ್ಣ ದನಿಯಲ್ಲಿ, ಕದ್ದು ಸಿಕ್ಕಿಬಿದ್ದವಳ ಹಾಗೆ.

"ಏನೇ, ಅಳ್ತಾ ಇದೀಯಾ? ಕೇಸು ಗೆದ್ದೆ ಅಂದ್ಯಲ್ಲ?"

"ಗೆದ್ದೆ ಅಕ್ಕ," ಎಂದು ಚಿಕ್ಕಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇನ್ನೊಂದ್ಸಲ ಕೂಗು."